ಪುಣೆಯ ಪೂರ್ವಕ್ಕೆ ಕಾರು ತಿರುಗಿಸಿ: ಗದ್ದಲವಿಲ್ಲದ, ದುಡ್ಡು ಕೇಳದ ಜಾಗದಲ್ಲಿ ಒಂದು ರಾತ್ರಿ ಕಳೆಯುವುದು ಹೇಗೆ

ಶನಿವಾರ ಮಧ್ಯಾಹ್ನ ಪುಣೆ ಬಿಡುವ ಕಾರುಗಳಲ್ಲಿ ಬಹಳಷ್ಟು ಪಶ್ಚಿಮಕ್ಕೇ ಹೋಗುತ್ತವೆ. ಲೋಣಾವಳಾ, ಪವನಾ, ಮುಳಶಿ, ತಾಮ್ಹಿಣಿ. ಹಸಿರು ಅಲ್ಲಿದೆ, ನಿಜ. ಆದರೆ ಪವನಾ ಹಿನ್ನೀರಿನ ದಂಡೆಯಲ್ಲಿ ಈಗ ಸಾಲುಸಾಲು ಟೆಂಟು, ಸ್ಪೀಕರು, ತಲೆಗೆ ಇಷ್ಟು ಅಂತ ದರ. ಮೌನ ಬೇಕು ಅಂತ ಹೋದವರಿಗೆ ಅಲ್ಲಿ ಸಿಗುವುದು ಇನ್ನೊಂದು ಊರಿನ ಗದ್ದಲ.

ನನ್ನ ಸಲಹೆ ಬೇರೆ. ಕಾರನ್ನು ಪೂರ್ವಕ್ಕೆ ತಿರುಗಿಸಿ. ಸಾಸವಡ, ಜೆಜುರಿ, ಸುಪೆ, ಬಾರಾಮತಿ, ಇಂದಾಪುರ. ಘಟ್ಟದ ಕಡೆ ವರ್ಷಕ್ಕೆ ಸಾವಿರಾರು ಮಿಲಿಮೀಟರ್ ಮಳೆ ಸುರಿದರೆ ಇಲ್ಲಿ 500 ಮಿಲಿಮೀಟರ್ ಆಸುಪಾಸು ಅಷ್ಟೇ. ಕುರುಚಲು ಗುಡ್ಡ, ಒಣ ಹುಲ್ಲು, ಜೋಳದ ಹೊಲ, ನಡುವೆ ಒಂದೊಂದು ಕೆರೆ. ಕಲಬುರಗಿ, ವಿಜಯಪುರ ಕಡೆಯಿಂದ ಬಂದ ನಮ್ಮಂಥವರಿಗೆ ಈ ನೆಲ ಹೊಸದೇನಲ್ಲ. ಊರಿನ ನೆಲದ ಹಾಗೇ ಇದೆ. ಯಾತ್ರೆಯ ಊರು ಬಿಟ್ಟರೆ ಪ್ರವಾಸಿಗಳು ಬರುವುದು ಕಡಿಮೆ, ಹಾಗಾಗಿ ಟಿಕೆಟ್ ಹರಿಯುವವರೂ ಇಲ್ಲ.

ನಾನು, ನನ್ನ ಹೆಂಡತಿ, ಮಗಳು ಮೂವರೂ ನಮ್ಮ ಹಳೇ ಏಳು ಸೀಟಿನ ಕಾರಿನಲ್ಲಿ ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಹೀಗೆ ಹೋಗುತ್ತೇವೆ. ತಪ್ಪು ಮಾಡಿ, ಬೈಸಿಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದ್ದು: ಸರ್ಕಾರಿ ಜಾಗ ಅಂದರೆ ಯಾರದ್ದೂ ಅಲ್ಲದ ಜಾಗ ಅಲ್ಲ

ಅಮೆರಿಕದ ವಿಡಿಯೊಗಳನ್ನು ನೋಡಿ ನಮಗೊಂದು ಕಲ್ಪನೆ ಬಂದುಬಿಟ್ಟಿದೆ. ಅಲ್ಲಿ ಬಹಳಷ್ಟು ಸರ್ಕಾರಿ ಜಮೀನಿನಲ್ಲಿ 14 ದಿನದವರೆಗೆ ಪುಕ್ಕಟೆ ತಂಗಬಹುದು. ನಮ್ಮಲ್ಲಿ ಅಂಥ ಪದ್ಧತಿ ಇಲ್ಲ. ಇಲ್ಲಿ ಪ್ರತಿ ತುಂಡು ನೆಲಕ್ಕೂ ಒಬ್ಬ ಯಜಮಾನನೋ, ಒಂದು ಇಲಾಖೆಯೋ, ಒಂದು ಊರೋ ಇದ್ದೇ ಇರುತ್ತದೆ. ಅದು ಯಾರದ್ದು ಅಂತ ಗುರುತಿಸುವುದೇ ಅರ್ಧ ಕೆಲಸ.

ಮುಖ್ಯವಾಗಿ ನಾಲ್ಕು ಬಗೆ. ಒಂದು, ಗಾಯರಾನ್. ಇದು ನಮ್ಮ ಗೋಮಾಳವೇ. ಊರಿನ ದನ ಮೇಯಲು ಬಿಟ್ಟ ಜಾಗ, ನೋಡಿಕೊಳ್ಳುವುದು ಗ್ರಾಮ ಪಂಚಾಯಿತಿ. ಎರಡು, ಕೆರೆ, ಅಣೆಕಟ್ಟಿನ ಅಂಚಿನ ನೀರಾವರಿ ಜಾಗ. ಜನರ ಬಾಯಲ್ಲಿ ಅದು ಪಾಟಬಂಧಾರೆ ಖಾತೆ. ಮೂರು, ದೇವಸ್ಥಾನದ ಬಯಲು. ನಾಲ್ಕು, ಅರಣ್ಯ.

ನಾಲ್ಕನೆಯದನ್ನು ಈಗಲೇ ಪಟ್ಟಿಯಿಂದ ಹೊಡೆದುಹಾಕಿ. 1927ರ ಅರಣ್ಯ ಕಾಯ್ದೆ ಪ್ರಕಾರ ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ನುಗ್ಗುವುದು, ಬೆಂಕಿ ಹಚ್ಚುವುದು ಅಪರಾಧ. ಅಭಯಾರಣ್ಯವಾದರೆ 1972ರ ವನ್ಯಜೀವಿ ಕಾಯ್ದೆ ಇನ್ನೂ ಬಿಗಿ. ಭೀಮಾಶಂಕರ, ತಾಮ್ಹಿಣಿ, ಸುಪೆ ಹತ್ತಿರದ ಮಯೂರೇಶ್ವರ, ಇವೆಲ್ಲ ಅಭಯಾರಣ್ಯಗಳು. ಪೂರ್ವದ ಬಯಲಿನಲ್ಲಿ ಒಂದು ತೊಡಕಿದೆ. ಇಲ್ಲಿನ ಅರಣ್ಯ ಕಾಡಿನ ಹಾಗೆ ಕಾಣುವುದೇ ಇಲ್ಲ, ಬರೀ ಹುಲ್ಲುಗಾವಲು. ಖಾಲಿ ಜಾಗ ಅಂತ ಕಾರು ಇಳಿಸಿಬಿಡುತ್ತೇವೆ. ಆದರೆ ಆ ಹುಲ್ಲಿನಲ್ಲೇ ತೋಳ, ಚಿಂಕಾರಾ, ನರಿ ಬದುಕಿವೆ. ಅಂಚಿನಲ್ಲಿ ಹಳದಿ ಅಕ್ಷರದ ಅರಣ್ಯ ಇಲಾಖೆ ಫಲಕವೋ, ಉದ್ದಕ್ಕೆ ತೋಡಿದ ಕಂದಕವೋ, ಸಾಲಾಗಿ ನೆಟ್ಟ ಗಿಡಗಳೋ ಕಂಡರೆ ವಾಪಸ್ ತಿರುಗಿ.

ಕೋಟೆಗಳೂ ಬೇಡ. ಸಂರಕ್ಷಿತ ಸ್ಮಾರಕಗಳಲ್ಲಿ ರಾತ್ರಿ ಉಳಿಯುವಂತಿಲ್ಲ. ಪುರಂದರ ಕೋಟೆಯಂತೂ ಸೇನೆಯ ಕೈಯಲ್ಲಿದೆ, ಸಂಜೆಗೆ ಮುಂಚೆ ಇಳಿಯಲೇಬೇಕು.

ಮನೆಯಲ್ಲೇ ಕೂತು ಮಾಡುವ ಕೆಲಸ

ಬುಧವಾರವೋ ಗುರುವಾರವೋ ರಾತ್ರಿ ಊಟ ಆದಮೇಲೆ ಫೋನಿನಲ್ಲಿ ಉಪಗ್ರಹ ನಕ್ಷೆ ತೆರೆಯಿರಿ. ಹೆಸರಿರುವ ದೊಡ್ಡ ಜಲಾಶಯ ಬಿಡಿ. ಹೆಸರೇ ಇಲ್ಲದ ಸಣ್ಣ ನೀಲಿ ಚುಕ್ಕೆ ಹುಡುಕಿ. ಒಂದು ಕಡೆ ನೇರ ಗೆರೆ, ಇನ್ನೊಂದು ಕಡೆ ಅಂಕುಡೊಂಕು ದಂಡೆ ಇದ್ದರೆ ಅದು ಪಾಝರ್ ತಲಾವ್. ನಮ್ಮ ಕಡೆ ಜಿನುಗು ಕೆರೆ ಅನ್ನುತ್ತಾರಲ್ಲ, ಅದೇ. 1972ರ ಭೀಕರ ಬರದಲ್ಲಿ ಮತ್ತು ಆಮೇಲಿನ ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಊರವರೇ ಕಲ್ಲು ಮಣ್ಣು ಹೊತ್ತು ಇಂಥ ಎಷ್ಟೋ ಕೆರೆ ಕಟ್ಟಿದರು. ನೀರು ಹೊಲಕ್ಕೆ ಹಾಯಿಸಲು ಅಲ್ಲ, ನೆಲಕ್ಕೆ ಇಳಿದು ಕೆಳಗಿನ ಬಾವಿಗಳು ತುಂಬಲಿ ಅಂತ. ಪುರಂದರ, ದೌಂಡ್, ಬಾರಾಮತಿ, ಇಂದಾಪುರ ತಾಲ್ಲೂಕುಗಳಲ್ಲಿ ಇವು ಬೇಕಾದಷ್ಟಿವೆ. ಮಳೆ ಮುಗಿದ ಮೇಲೆ, ನವೆಂಬರಿನಲ್ಲಿ, ಇಂಥ ಕೆರೆ ದಂಡೆಯಷ್ಟು ಶಾಂತವಾದ ಜಾಗ ನನಗೆ ಪುಣೆ ಸುತ್ತ ಬೇರೆ ಸಿಕ್ಕಿಲ್ಲ.

ನಕ್ಷೆಯಲ್ಲಿ ಮೂರು ಸಂಗತಿ ನೋಡಿ. ಹತ್ತಿರದ ಮನೆಗೆ ಎಷ್ಟು ದೂರ? ತೀರಾ ಹತ್ತಿರ ಬೇಡ, ತೀರಾ ದೂರವೂ ಬೇಡ. ಕೂಗಿದರೆ ಕೇಳುವಷ್ಟು ಅಂತರವೇ ಸರಿ ಅನ್ನುವುದು ನನ್ನ ಲೆಕ್ಕ. ದಾರಿ ಕೊನೆವರೆಗೂ ಕಾಣುತ್ತದಾ? ಸುತ್ತ ಕಬ್ಬು ಇದೆಯಾ? ಕಬ್ಬು ಇದ್ದರೆ ಬೇರೆ ಕೆರೆ ನೋಡಿ, ಕಬ್ಬಿನಲ್ಲಿ ಚಿರತೆ ಇರಬಹುದು.

ಜಾಗ ಯಾರದ್ದು ಅಂತ ತಿಳಿಯಲು ಇಲ್ಲಿ ಸಾತ್‌ಬಾರಾ ಇದೆ. ನಮ್ಮ ಪಹಣಿ ಇದ್ದ ಹಾಗೆ. ಮಹಾಭೂಲೇಖ ಜಾಲತಾಣದಲ್ಲಿ ಪುಕ್ಕಟೆ ನೋಡಬಹುದು. ಅದಕ್ಕೆ ಗಟ್ ನಂಬರ್ ಬೇಕು, ಅಂದರೆ ನಮ್ಮ ಸರ್ವೆ ನಂಬರ್. ಅದು ಮಹಾಭೂನಕ್ಷಾದಲ್ಲಿ ಜಿಲ್ಲೆ, ತಾಲ್ಲೂಕು, ಊರು ಆರಿಸಿದರೆ ಸಿಗುತ್ತದೆ. ಮರಾಠಿ ಓದಲು ಬಂದರೆ ಹತ್ತು ನಿಮಿಷದ ಕೆಲಸ. ಯಜಮಾನರ ಹೆಸರಿನ ಜಾಗದಲ್ಲಿ ಗಾಯರಾನ್, ಸರ್ಕಾರ್, ವನ ವಿಭಾಗ ಅಂತ ಬರೆದಿರುತ್ತದೆ, ಇಲ್ಲಾ ಒಬ್ಬ ರೈತನ ಹೆಸರಿರುತ್ತದೆ.

ಇದನ್ನು ಮಾಡದೆ ನಾನೊಮ್ಮೆ ಕೆಟ್ಟಿದ್ದೇನೆ. ಆನ್‌ಲೈನಿನಲ್ಲಿ ಯಾರೋ ಪುಕ್ಕಟೆ ಕ್ಯಾಂಪಿಂಗ್ ಜಾಗ ಅಂತ ಗುರುತು ಹಾಕಿದ್ದರು. ನಂಬಿ ಹೋದೆವು. ರಾತ್ರಿ ಹನ್ನೊಂದಕ್ಕೆ ಟಾರ್ಚ್ ಬೆಳಕು ಕಿಟಕಿಗೆ ಬಿತ್ತು. ಹೊಲದ ಯಜಮಾನರು, ಜೊತೆಗೆ ಇಬ್ಬರು ಹುಡುಗರು. ಹೋದ ವಾರ ಇದೇ ಜಾಗಕ್ಕೆ ಬಂದವರು ಬಾಟಲಿ ಒಡೆದು ಹೋಗಿದ್ದರಂತೆ, ಅವರ ಎತ್ತಿನ ಕಾಲಿಗೆ ಗಾಜು ಹೊಕ್ಕಿತ್ತಂತೆ. ಅವರು ಕೂಗಾಡಿದ್ದರಲ್ಲಿ ತಪ್ಪೇನಿತ್ತು? ಕ್ಷಮೆ ಕೇಳಿ, ನಿದ್ದೆಗಣ್ಣಿನ ಮಗಳನ್ನು ಎತ್ತಿಕೊಂಡು ಅಲ್ಲಿಂದ ಹೊರಟೆವು. ಅಂದಿನಿಂದ ಬೇರೆಯವರ ಗುರುತು ನಾನು ನಂಬುವುದಿಲ್ಲ. ನನ್ನದನ್ನು ಹಾಕುವುದೂ ಇಲ್ಲ. ಈ ಲೇಖನದಲ್ಲೂ ತಾಲ್ಲೂಕು ಹೇಳುತ್ತೇನೆ, ಕೆರೆ ಹೇಳುವುದಿಲ್ಲ.

ಕೇಳಿ. ಹಗಲಲ್ಲೇ ಕೇಳಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ದಾಖಲೆಯಲ್ಲಿ ಗಾಯರಾನ್ ಇದ್ದರೂ ಊರಿನವರನ್ನು ಕೇಳದೆ ರಾತ್ರಿ ನಿಲ್ಲಬೇಡಿ. ಕತ್ತಲಲ್ಲಿ ಗುರುತಿಲ್ಲದ ಕಾರು ಕಂಡರೆ ಊರಿನವರಿಗೆ ಮೊದಲು ನೆನಪಾಗುವುದು ಕುರಿ ಕಳ್ಳರು, ಮರಳು ಕದಿಯುವವರು. ಮಧ್ಯಾಹ್ನ ಮೂರಕ್ಕೆ ಬಂದು ಮಾತಾಡಿಸಿದ ಕುಟುಂಬ ಅಂದರೆ ಕಥೆಯೇ ಬೇರೆ.

ಊರಿನ ಚಹಾ ಅಂಗಡಿಯಲ್ಲಿ ಕಾರು ನಿಲ್ಲಿಸಿ. ಚಹಾ ಕುಡಿಯಿರಿ. ಆಮೇಲೆ ಕೇಳಿ. ಮರಾಠಿ ತಡವರಿಸಿದರೂ ಪರವಾಗಿಲ್ಲ. ನಾನು ಹೇಳುವುದು ಇಷ್ಟೇ:

"ಕಾಕಾ, ಆಮ್ಹೀ ಪುಣ್ಯಾಹೂನ್ ಆಲೋಯ್. ಆಜಚೀ ರಾತ್ರ ತಲಾವಾಜವಳ್ ಗಾಡಿ ಲಾವೂನ್ ಥಾಂಬಲೋ ತರ್ ಚಾಲೇಲ್ ಕಾ? ಸಕಾಳೀ ನಿಘೂ."

ಪುಣೆಯಿಂದ ಬಂದಿದ್ದೇವೆ, ಇವತ್ತೊಂದು ರಾತ್ರಿ ಕೆರೆ ಹತ್ತಿರ ಗಾಡಿ ನಿಲ್ಲಿಸಿದರೆ ಆಗುತ್ತದಾ, ಬೆಳಗ್ಗೆ ಹೊರಡುತ್ತೇವೆ ಅಂತ. ಕೂಡಲೇ ಇನ್ನೊಂದು ಮಾತು ಸೇರಿಸಿ: "ದಾರೂ ನಾಹೀ, ಆಗ್ ನಾಹೀ, ಕಚರಾ ನಾಹೀ." ಕುಡಿತ ಇಲ್ಲ, ಬೆಂಕಿ ಇಲ್ಲ, ಕಸ ಇಲ್ಲ. ಈ ಮೂರು ಇಲ್ಲಗಳನ್ನು ಕೇಳಿದ ಮೇಲೆ ಎದುರಿನವರ ಮುಖ ಸಡಿಲಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಚಹಾ ಅಂಗಡಿಯವರು ಸರಪಂಚರನ್ನೋ (ನಮ್ಮ ಪಂಚಾಯಿತಿ ಅಧ್ಯಕ್ಷರ ಹಾಗೆ), ಪೊಲೀಸ್ ಪಾಟೀಲರನ್ನೋ ಕೇಳಿ ಅಂದರೆ ಬೇಸರ ಮಾಡಿಕೊಳ್ಳಬೇಡಿ. ಪೊಲೀಸ್ ಪಾಟೀಲ ಅಂದರೆ ಠಾಣೆಯವರಲ್ಲ. ಊರಿನವರೇ, ಊರಿಗೂ ಠಾಣೆಗೂ ನಡುವಿನ ಕೊಂಡಿ. ಅವರಿಗೆ ನಿಮ್ಮ ಹೆಸರು, ಫೋನ್ ನಂಬರ್, ಕಾರಿನ ನಂಬರ್ ಕೊಟ್ಟುಬಿಡಿ. ಕೆಎ ನೋಂದಣಿಯ ಕಾರಾದರೆ ಇದು ಇನ್ನೂ ಒಳ್ಳೆಯದು. ರಾತ್ರಿ ಗಸ್ತಿನವರು ಕೇಳಿದರೆ ಅವರ ಹೆಸರು ಹೇಳಬಹುದು. ಬೇಡ ಅಂದರೋ, ನಗುತ್ತಾ ಹೊರಡಿ. ವಾದ ಬೇಡ. ಅದಕ್ಕೇ ನಕ್ಷೆಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಒಳಗೆ ಎರಡನೇ ಜಾಗ ಗುರುತಿಟ್ಟುಕೊಂಡಿರಬೇಕು.

ಕೇಳುವುದರಿಂದ ಸಿಗುವ ಇನ್ನೊಂದು ಲಾಭ ನಾನು ನೆನೆಸಿರಲಿಲ್ಲ. ಸುಪೆ ಕಡೆ ಒಬ್ಬ ಆಜಿ ನಾವು ಕನ್ನಡದವರು ಅಂತ ತಿಳಿದ ಕೂಡಲೇ, ಖಂಡೋಬಾ ನಿಮ್ಮ ದೇವರೂ ಹೌದಲ್ವಾ ಅಂದರು. ಹೌದು ಅಜ್ಜಿ, ನಮ್ಮ ಕಡೆ ಮೈಲಾರಲಿಂಗ ಅನ್ನುತ್ತೇವೆ ಅಂದೆ. ಜೆಜುರಿಯ ಖಂಡೋಬಾನಿಗೂ ಮೈಲಾರನಿಗೂ ಭಂಡಾರ ಒಂದೇ ಅಲ್ವಾ. ಅವತ್ತು ರಾತ್ರಿ ಅವರ ಮನೆಯ ಬಾಜರಿ ಭಾಕರಿ, ಅಂದರೆ ಸಜ್ಜೆ ರೊಟ್ಟಿ, ನಮ್ಮ ಕಾರಿಗೇ ಬಂತು.

ಯಾವ ಕಡೆ ಹೋಗಬೇಕು

ಮೊದಲ ಸಲ ಹೋಗುವವರು ನೇರ ಕೆರೆಗೆ ಹೋಗಬೇಡಿ. ದೇವಸ್ಥಾನದ ಬಯಲಿನಿಂದ ಶುರು ಮಾಡಿ. ಮೋರ್‌ಗಾಂವದ ಮಯೂರೇಶ್ವರ ಅಷ್ಟವಿನಾಯಕಗಳಲ್ಲಿ ಮೊದಲನೆಯದು. ಪುಣೆಯಿಂದ ಸುಮಾರು 65 ಕಿಲೋಮೀಟರ್. ಯಾತ್ರೆಯ ಊರಾದ್ದರಿಂದ ವಾಹನ ನಿಲ್ಲಿಸಿ ರಾತ್ರಿ ಉಳಿಯುವವರು ಅಲ್ಲಿ ಹೊಸಬರಲ್ಲ. ಶೌಚಾಲಯ, ನೀರು, ಬೆಳಕು ಹತ್ತಿರದಲ್ಲೇ ಸಿಗುತ್ತವೆ. ಚತುರ್ಥಿಯ ದಿನ ಮಾತ್ರ ಬೇಡ, ಜನಜಾತ್ರೆ. ಕಾರಿನಲ್ಲಿ ಮಲಗಿದರೆ ನಿದ್ದೆ ಬರುತ್ತದಾ, ಮಕ್ಕಳು ಹೊಂದಿಕೊಳ್ಳುತ್ತಾರಾ, ಬೆನ್ನು ಏನು ಹೇಳುತ್ತದೆ ಅಂತ ಇಲ್ಲಿ ಒಂದು ರಾತ್ರಿಯಲ್ಲಿ ಗೊತ್ತಾಗುತ್ತದೆ. ಕಷ್ಟವಾದರೆ ಭಕ್ತ ನಿವಾಸ ಇದೆ.

ಎರಡನೇ ಸಲಕ್ಕೆ ಸಾಸವಡ–ಜೆಜುರಿ–ಸುಪೆ ಸುತ್ತಲಿನ ಜಿನುಗು ಕೆರೆಗಳು. ಮೂರನೆಯದು ನನ್ನ ಪ್ರೀತಿಯ ದಿಕ್ಕು: ಸೋಲಾಪುರ ರಸ್ತೆಯಲ್ಲಿ ನೂರು ಕಿಲೋಮೀಟರ್ ದಾಟಿ ಭಿಗವಣ ಆಸುಪಾಸು, ಉಜನಿ ಹಿನ್ನೀರು. ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ. ಕುಂಭಾರ್‌ಗಾಂವದ ದೋಣಿಯವರು ಬೆಳಗಿನ ಜಾವ ಹಕ್ಕಿ ತೋರಿಸುತ್ತಾರೆ. ಅದಕ್ಕೆ ದುಡ್ಡು ಕೊಡಬೇಕು, ಕೊಡಿ, ಚೌಕಾಸಿ ಬೇಡ. ಉಜನಿ ಕಟ್ಟಿರುವುದು ಭೀಮಾ ನದಿಗೆ. ಇಲ್ಲಿಂದ ಬಿಟ್ಟ ನೀರೇ ಮುಂದೆ ಗಾಣಗಾಪುರ ಮುಟ್ಟುತ್ತದೆ. ಮಗಳಿಗೆ ಇದನ್ನು ಹೇಳಿದ ದಿನ ಅವಳು ನೀರಿಗೆ ಕೈ ಅದ್ದಿ, ಊರಲ್ಲಿರುವ ಅಜ್ಜಿಗೆ ಟಾಟಾ ಹೇಳಿ ಕಳಿಸಿದಳು.

ಉಜನಿಯಲ್ಲಿ ಒಂದು ಎಚ್ಚರ. ಬೇಸಿಗೆಗೆ ನೀರು ಇಳಿದಾಗ ಬಯಲಾಗುವ ನೆಲ ಖಾಲಿ ಕಾಣುತ್ತದೆ. ಖಾಲಿ ಅಲ್ಲ. ಅದು ಗಾಳಪೇರ್, ನೀರು ಇಳಿದ ಹಾಗೆ ರೈತರು ಬಿತ್ತುವ ನೆಲ. ಬೀಜ ಬಿದ್ದ ಮಣ್ಣಿನ ಮೇಲೆ ಚಕ್ರ ಹತ್ತಿಸಿದರೆ ಒಬ್ಬರ ಬೆಳೆ ಹೋಯಿತು ಅಂತಲೇ.

ಜುನ್ನರ, ಅಂಬೇಗಾಂವ, ಖೇಡ, ಶಿರೂರು ತಾಲ್ಲೂಕುಗಳ ಕಬ್ಬಿನ ಸೀಮೆಗೆ ರಾತ್ರಿ ತಂಗಲು ನಾನು ಯಾರಿಗೂ ಹೇಳುವುದಿಲ್ಲ. ಅಲ್ಲಿ ಚಿರತೆಗಳು ಕಬ್ಬಿನಲ್ಲೇ ಮರಿ ಹಾಕಿ ಬೆಳೆಯುತ್ತವೆ. ಜನರ ಮೇಲೆ ದಾಳಿಯಾಗಿ ಪ್ರಾಣ ಹೋಗಿವೆ. ಮಾಣಿಕಡೋಹದಲ್ಲಿ ಚಿರತೆಗಳಿಗೆಂದೇ ರಕ್ಷಣಾ ಕೇಂದ್ರ ಇದೆ ಅಂದರೆ ಯೋಚಿಸಿ. ಮಕ್ಕಳಿರುವ ಮನೆಯವರು ಹಗಲಲ್ಲಿ ನೋಡಿ ಬನ್ನಿ, ಸಾಕು.

ಜಾಗಕ್ಕೆ ಬಂದ ಮೇಲೆ

ಡಿಸೆಂಬರಿನಲ್ಲಿ ಆರು ಗಂಟೆಗೆ ಸೂರ್ಯ ಮುಳುಗಿರುತ್ತಾನೆ. ಐದಕ್ಕೆ ಮುಂಚೆ ಕಾರು ನಿಂತಿರಬೇಕು. ಇದಕ್ಕೆ ಇನ್ನೊಂದು ಕಾರಣ, ಆಗ ಕಬ್ಬಿನ ಹಂಗಾಮು. ದೀಪವಿಲ್ಲದ ಟ್ರಾಲಿಗಳು, ಎತ್ತಿನ ಗಾಡಿಗಳು ಕತ್ತಲ ರಸ್ತೆಯಲ್ಲಿ ಹತ್ತಿರ ಬರುವವರೆಗೂ ಕಾಣುವುದಿಲ್ಲ.

ಕೊನೆಯ ನೂರು ಮೀಟರ್ ಇಳಿದು ನಡೆಯಿರಿ. ಕರಿ ಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಬೆಣ್ಣೆಯ ಹಾಗೆ ಇರುತ್ತದೆ. ಹಿಮ್ಮಡಿಯಿಂದ ಒತ್ತಿ ನೋಡಿ, ತಗ್ಗು ಬಿದ್ದರೆ ಕಾರು ಅಲ್ಲಿಗೆ ಬೇಡ. ನಾನು ಒಮ್ಮೆ ಹೀಗೆ ನೋಡದೆ ಇಳಿಸಿ ಮುಂದಿನ ಎರಡೂ ಚಕ್ರ ಹೂತುಹಾಕಿದ್ದೆ. ಟ್ರ್ಯಾಕ್ಟರ್ ತಂದು ಎಳೆದವರು ಡೀಸೆಲ್ ದುಡ್ಡನ್ನೂ ಮುಟ್ಟಲಿಲ್ಲ. ಮುರುಮು ನೆಲ, ಅಂದರೆ ನಮ್ಮ ಗರಸು, ಅದೇ ಸುರಕ್ಷಿತ. ಈಗ ಡಿಕ್ಕಿಯಲ್ಲಿ ಎಳೆಯುವ ಹಗ್ಗ, ಎರಡು ಹಲಗೆ ತುಂಡು ಯಾವಾಗಲೂ ಇರುತ್ತವೆ.

ಕೆರೆ ಏರಿಯ ಮೇಲೆ ನಿಲ್ಲಿಸಬೇಡಿ, ಅದು ಊರಿನ ದಾರಿ. ಏರಿಯ ಕೆಳಗೂ ಬೇಡ, ಕೋಡಿ ಹರಿಯುವ ಸಾಲಿನಲ್ಲಂತೂ ಬೇಡವೇ ಬೇಡ. ದನ ನೀರಿಗಿಳಿಯುವ ಜಾಡು ಬಿಟ್ಟು ಪಕ್ಕಕ್ಕೆ, ನೀರಿನಿಂದ ಅರವತ್ತು ಹೆಜ್ಜೆಯಾದರೂ ದೂರ. ಮಳೆ ಮುಗಿದ ಮೇಲೆ ಧನಗರರು ಕುರಿ ಹೊಡೆದುಕೊಂಡು ಊರೂರು ತಿರುಗುತ್ತಾರೆ. ಅವರ ಮಂದೆ ಪಕ್ಕದಲ್ಲಿದ್ದರೆ ಮೊದಲು ಹೋಗಿ ಮಾತಾಡಿಸಿ, ನಾಯಿಗಳಿಗೆ ನಿಮ್ಮ ಪರಿಚಯ ಆಗಬೇಕು. ಅವರ ಬಿರೋಬಾ ನಮ್ಮ ಬೀರಪ್ಪನೇ, ಮಾತಿಗೆ ಬರ ಇರುವುದಿಲ್ಲ. ಅಂಥ ರಾತ್ರಿಯಷ್ಟು ನಿಶ್ಚಿಂತೆಯ ನಿದ್ದೆ ಬೇರೆ ಇಲ್ಲ.

ಮಲಗುವುದು, ತಿನ್ನುವುದು

ಇಲ್ಲಿ ಟೆಂಟಿಗಿಂತ ಕಾರೇ ವಾಸಿ. ಕಟ್ಟುಹಾವು, ಮರಾಠಿಯಲ್ಲಿ ಮಣ್ಯಾರ್, ರಾತ್ರಿ ಓಡಾಡುವ ಹಾವು. ನೆಲದ ಮೇಲೆ ಮಲಗಿದವರನ್ನೇ ಹೆಚ್ಚಾಗಿ ಕಚ್ಚುತ್ತದೆ, ನೋವೂ ಗೊತ್ತಾಗುವುದಿಲ್ಲ. ಹಿಂದಿನ ಸೀಟು ಮಡಚಿ, ತಗ್ಗಿಗೆ ಬಟ್ಟೆಯ ಗಂಟು ತುಂಬಿ, ಮೇಲೆ ಹಾಸಿಗೆ ಹಾಸಿ. ತಲೆ ಎತ್ತರದ ಕಡೆಗೆ ಇರಲಿ.

ಎಂಜಿನ್ ಓಡಿಸಿಟ್ಟು ಏಸಿ ಹಾಕಿಕೊಂಡು ಮಲಗಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಕಾರಿನೊಳಗೆ ಒಲೆಯನ್ನೂ ಹಚ್ಚಬೇಡಿ. ಎದುರುಬದುರು ಎರಡು ಕಿಟಕಿ ಎರಡು ಬೆರಳಷ್ಟು ಇಳಿಸಿ. ಸೊಳ್ಳೆ ಪರದೆ ಬಟ್ಟೆ ತಂದು, ಬಾಗಿಲ ಮೇಲಿನ ಚೌಕಟ್ಟಿಗೆ ತೊಡಿಸುವ ಚೀಲದ ಹಾಗೆ ಹೊಲಿದುಕೊಂಡರೆ ಆಯಿತು. ನನ್ನ ಹೆಂಡತಿ ಒಂದು ಮಧ್ಯಾಹ್ನದಲ್ಲಿ ನಾಲ್ಕು ಬಾಗಿಲಿಗೂ ಹೊಲಿದಳು. ಜನವರಿಯಲ್ಲಿ ಬೆಳಗಿನ ಜಾವ 10 ಡಿಗ್ರಿಗಿಂತ ಕೆಳಗೂ ಇಳಿಯುತ್ತದೆ, ಕಂಬಳಿ ಮರೆಯಬೇಡಿ.

ಊಟ ಮನೆಯಿಂದಲೇ ಒಯ್ಯುತ್ತೇವೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಬೆಳಗಿನ ಚಹಾಕ್ಕೆ ಸಣ್ಣ ಗ್ಯಾಸ್ ಒಲೆ, ಅದೂ ಹುಲ್ಲಿಲ್ಲದ ಬೋಳು ನೆಲದ ಮೇಲೆ. ಸೌದೆ ಬೆಂಕಿ ಮಾತ್ರ ಬೇಡ. ಫೆಬ್ರವರಿಯಿಂದ ಈ ಗುಡ್ಡಗಳಲ್ಲಿ ಒಂದು ಕಿಡಿ ಸಾಕು, ಇಡೀ ಇಳಿಜಾರು ಉರಿದುಹೋಗುತ್ತದೆ. ಇಲ್ಲಿನವರು ಅದಕ್ಕೆ ವಣವಾ ಅನ್ನುತ್ತಾರೆ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು, ಮೇವು ನಂಬಿದ ದನಗಳು, ಎಲ್ಲರಿಗೂ ಅದೇ ಹುಲ್ಲು.

ಮೂವರಿಗೆ 20 ಲೀಟರ್ ಕ್ಯಾನು ನೀರು ಸಾಕಾಗುತ್ತದೆ. ಕೆರೆಯಲ್ಲಿ ಸೋಪು ಹಾಕಿ ಪಾತ್ರೆ ತೊಳೆಯಬೇಡಿ. ಆ ನೀರು ಇಂಗಿ ಊರಿನ ಬಾವಿಗೇ ಹೋಗುವುದು. ಬಹಿರ್ದೆಸೆಗೆ ಸಣ್ಣ ಗುದ್ದಲಿ ಇರಲಿ. ನೀರಿನಿಂದ, ದಾರಿಯಿಂದ ದೂರ ಹೋಗಿ ಒಂದು ಗೇಣು ತೋಡಿ, ಆಮೇಲೆ ಮುಚ್ಚಿ. ಒರೆಸಿದ ಕಾಗದ, ಪ್ಯಾಡು, ಡೈಪರು ಎಲ್ಲ ಚೀಲ ಕಟ್ಟಿ ವಾಪಸ್ ಪುಣೆಗೆ.

ಆಪತ್ತಿಗೆ

ಹೊರಡುವ ಮೊದಲೇ ಹತ್ತಿರದ ಗ್ರಾಮೀಣ ರುಗ್ಣಾಲಯ, ಅಂದರೆ ಸರ್ಕಾರಿ ಆಸ್ಪತ್ರೆ, ಯಾವ ಊರಲ್ಲಿದೆ ಅಂತ ಬರೆದುಕೊಳ್ಳಿ. ಹಾವು ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಮಂತ್ರದವರ ಹತ್ತಿರ ಹೋಗಿ ಹೊತ್ತು ಕಳೆಯಬೇಡಿ. ಕಚ್ಚಿದ ಕೈಕಾಲು ಅಲುಗಿಸದೆ ನೇರ ಆಸ್ಪತ್ರೆ. ಕೆಂಪು ಚೇಳನ್ನೂ ಹಗುರವಾಗಿ ಎಣಿಸಬೇಡಿ, ಮಕ್ಕಳ ಹೃದಯಕ್ಕೆ ಅದು ದೊಡ್ಡ ಅಪಾಯ. ಅದರ ವಿಷಕ್ಕೆ ಪ್ರಾಝೋಸಿನ್ ಮಾತ್ರೆ ಜೀವ ಉಳಿಸುತ್ತದೆ ಅಂತ ತೋರಿಸಿಕೊಟ್ಟವರು ಇದೇ ಮಹಾರಾಷ್ಟ್ರದ ಮಹಾಡದ ವೈದ್ಯ ಡಾ. ಹಿಮ್ಮತ್‌ರಾವ್ ಬಾವಸ್ಕರ್. ಬೂಟು, ಚಪ್ಪಲಿ ಕಾರಿನೊಳಗೇ ಇರಲಿ, ಬೆಳಗ್ಗೆ ಝಾಡಿಸಿ ಹಾಕಿಕೊಳ್ಳಿ. ರಾತ್ರಿ ಟಾರ್ಚ್ ಇಲ್ಲದೆ ಒಂದು ಹೆಜ್ಜೆಯೂ ಬೇಡ.

ಆಂಬ್ಯುಲೆನ್ಸಿಗೆ 108, ಪೊಲೀಸರಿಗೆ 112, ಗುಡ್ಡಕ್ಕೆ ಬೆಂಕಿ ಬಿದ್ದದ್ದು ಕಂಡರೆ ಅರಣ್ಯ ಇಲಾಖೆಯ 1926. ಕೆರೆ ತಗ್ಗಿನಲ್ಲಿ ಸಿಗ್ನಲ್ ಸಿಗದೆ ಇರಬಹುದು. ಫೋನಿನಲ್ಲಿ ಒಂದು ಕಡ್ಡಿ ಮೂಡುವ ದಿಬ್ಬ ಎಲ್ಲಿದೆ ಅಂತ ಹಗಲಲ್ಲೇ ನೋಡಿಟ್ಟುಕೊಳ್ಳಿ. ಕಾರಿನ ಮೂತಿ ಯಾವಾಗಲೂ ಹೊರಡುವ ದಾರಿಯ ಕಡೆ ಇರಲಿ, ಕೀಲಿ ಒಂದೇ ಜಾಗದಲ್ಲಿರಲಿ. ಜಾಗ ಯಾಕೋ ಸರಿ ಅನ್ನಿಸದಿದ್ದರೆ ಕಾರಣ ಹುಡುಕುತ್ತಾ ಕೂರಬೇಡಿ, ಹೊರಡಿ.

ಭಾನುವಾರ ಬೆಳಗ್ಗೆ

ಎಂಟಕ್ಕೆ ಮುಂಚೆ ಜಾಗ ಬಿಡಿ, ದನಗಳು ಬರುವ ಹೊತ್ತು. ನಿಮ್ಮ ಕಸದ ಜೊತೆ ಮೊದಲೇ ಬಿದ್ದಿದ್ದ ಹತ್ತು ಪ್ಲಾಸ್ಟಿಕ್ಕನ್ನೂ ಚೀಲಕ್ಕೆ ಹಾಕಿ. ನಮ್ಮ ಮನೆಯಲ್ಲಿ ಇದು ಮಗಳ ಕೆಲಸ, ಎಣಿಸಿ ಹೇಳುತ್ತಾಳೆ. ಹಿಂದಿನ ದಿನದ ಚಹಾ ಅಂಗಡಿಯಲ್ಲೇ ಮತ್ತೆ ನಿಲ್ಲಿಸಿ. ನಾಷ್ಟಾ ಅಲ್ಲೇ ಮಾಡಿ. ಬೆಲ್ಲ, ಅಂಜೂರ, ಸೀತಾಫಲ, ಆ ಊರಲ್ಲಿ ಏನು ಬೆಳೆಯುತ್ತದೋ ಅದನ್ನು ಮನೆಗೆ ಕೊಳ್ಳಿ. ಪುರಂದರದ ಅಂಜೂರಕ್ಕೆ ಹೆಸರಿದೆ, ಗೊತ್ತಲ್ವಾ. ಜಾಗ ಪುಕ್ಕಟೆ ಸಿಕ್ಕಿದ್ದಕ್ಕೆ ಆ ನೂರಿನ್ನೂರು ರೂಪಾಯಿ ಊರಲ್ಲೇ ಉಳಿಯಲಿ.

ಅನುಮತಿ ಕೊಟ್ಟವರಿಗೆ ಹೊರಟೆವು ಅಂತ ಫೋನ್ ಮಾಡಿ ಅವರ ಹೆಸರು, ಊರು ಒಂದು ಪುಸ್ತಕದಲ್ಲಿ ಬರೆದಿಡಿ. ನಮ್ಮ ಪುಸ್ತಕದಲ್ಲಿ ಈಗ ಹನ್ನೊಂದು ಹೆಸರಿವೆ. ಹೋದ ಸಂಕ್ರಾಂತಿಗೆ ಅವರಲ್ಲಿ ಇಬ್ಬರ ಮನೆಗೆ ಎಳ್ಳುಬೆಲ್ಲ ಕೊಟ್ಟು ಬಂದೆವು.